ಎಂಟನೇ ನಂಬರಿನ ಬೂಟು

ಹೊಸ ಫುಟ್‌ಬಾಲ್ ಬೂಟು ಹಾಕಿಕೊಂಡೇ ಸಿರಿಲ್ ಬಿಸಿನೀರಿನ ತೊಟ್ಟಿಯಲ್ಲಿ ಕಾಲಿಟ್ಟು ಕೂತಿದ್ದ. ಗಟ್ಟಿ ಚರ್ಮ ಕಾಲಿಗೆ ಹೊಂದಬೇಕಾದರೆ ಹೀಗೇ ನೆನೆಸಬೇಕು. ಮೂವತ್ತನಾಲ್ಕು ತುಂಬಿದ ಮೇಲೂ ಕ್ಲಬ್ಬು ಹೊಸ ಬೂಟು ಕೊಟ್ಟಿದೆಯೆಂದರೆ ಇನ್ನೊಂದು ವರ್ಷ ಆಡಿಸುತ್ತಾರೆ ಎಂದೇ ಅರ್ಥ. ಬೆಳಿಗ್ಗೆಯಿಂದ ಅವನು ಶಿಳ್ಳೆ ಹಾಕುತ್ತಿದ್ದ.

"ಎಲ್ಲಾದ್ರೂ ಕಚ್ತಿದೆಯೇನಯ್ಯಾ?" ತರಬೇತುದಾರ ನೋಬಿ ಬಗ್ಗಿ ಬೂಟಿನ ಮೂತಿ ಒತ್ತಿ ನೋಡಿದ.

"ಹೆಬ್ಬೆರಳ ಹತ್ರ ಸ್ವಲ್ಪ. ಶನಿವಾರದ ಹೊತ್ತಿಗೆ ಬೆಣ್ಣೆ ಆಗುತ್ತೆ ಬಿಡೋ, ಮುದುಕಾ."

"ಆಗ್ಲೇಬೇಕು. ಆ ಹೊಸಬ ಕೆನೆತ್‌ಗೂ ನಿನ್ನ ಅಳತೇನೇ ಅಂತ ಹದ ಮಾಡೋಕೆ ನಿನ್ ಕೈಗೆ ಕೊಟ್ಟಿದ್ದು. ಅವನ ಕಾಲಿಗೆ ಬೊಬ್ಬೆ ಬಂದ್ರೆ ನಿನ್ನ ಜಾಗದಲ್ಲಿ ಆಡೋರು ಯಾರು?" ನೋಬಿ ತಲೆಯೆತ್ತಿದ. "ಯಾಕೋ, ಮ್ಯಾನೇಜರು ಹೇಳ್ಲಿಲ್ವಾ?"

ನೀರು ಬಿಸಿಯಿದೆಯೋ ತಣ್ಣಗಾಗಿದೆಯೋ ಸಿರಿಲ್‌ಗೆ ತಿಳಿಯಲಿಲ್ಲ. ಬೂಟಿನೊಳಗೆ ಹೆಬ್ಬೆರಳನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತ, ಅವನು ಚರ್ಮವನ್ನು ಮೆತ್ತಗೆ ಮಾಡುತ್ತಲೇ ಇದ್ದ.