ಮೈ ಒಪ್ಪದ ಹುಡುಗಿ

ಮಗನಿಗೆ ಹೆಣ್ಣು ನೋಡಲು ಬಂದಿದ್ದ ಸರ್ವಮಂಗಳಮ್ಮನಿಗೆ ಉಪ್ಪಿಟ್ಟು ಹಿಡಿಸಲಿಲ್ಲ, ಸೋಫಾ ಹಿಡಿಸಲಿಲ್ಲ, ದಿನಾ ಮಾತ್ರೆ ನುಂಗುವ ಹುಡುಗಿಯಂತೂ ಹಿಡಿಸಲೇ ಇಲ್ಲ. ಬಿಸಿಲಿಗೆ ಉರಿಯುತ್ತಿದ್ದ ಮುಖಕ್ಕೆ ಕಾರಿನಲ್ಲೇ ಪೌಡರ್ ಮೆತ್ತಿಕೊಂಡು ಬಂದಿದ್ದರು.

"ಲೂಪಸ್ಸಾ? ಹಾಗಂದ್ರೇನಮ್ಮ?"

ಹುಡುಗಿ ಏನನ್ನೂ ಮುಚ್ಚಿಡಲಿಲ್ಲ. "ರೋಗಾಣು ಬಂದ್ರೆ ಗುರುತು ಹಿಡಿಯೋಕೆ ನಮ್ಮ ಜೀವಕೋಶಗಳಲ್ಲಿ ರಿಸೆಪ್ಟರ್ ಅಂತ ಇರತ್ತೆ ಆಂಟಿ, ಕಾವಲುಗಾರರ ಥರ. ನನ್ನೊಳಗೆ ಅವು ನನ್ನ ಮೈಯನ್ನೇ ಹೊರಗಿನದು ಅಂದ್ಕೊಂಡು ಕೂಗೆಬ್ಬಿಸ್ತವೆ. ಮಾತ್ರೆ ತಗೊಂಡ್ರೆ ಹತೋಟಿಯಲ್ಲಿರತ್ತೆ."

ಸರ್ವಮಂಗಳಮ್ಮ ಕಾಫಿ ಲೋಟ ಕುಕ್ಕಿದರು. "ನಿನ್ನ ಮೈಯೇ ನಿನ್ನನ್ನ ಒಪ್ಪಲ್ವಂತೆ, ಇನ್ನು ನಾವು ಒಪ್ಪಬೇಕಾ? ನಮ್ಮ ಮನೇಲಿ ಯಾರಿಗೂ ಇಂಥ ದರಿದ್ರ ಇಲ್ಲಮ್ಮ."

ಮಗ ನೆಲ ನೋಡುತ್ತ ಎದ್ದ. ಹುಡುಗಿಯ ತಾಯಿ, ಮನೆಗೆ ಬಂದ ಮುತ್ತೈದೆಯನ್ನು ಹಾಗೇ ಕಳಿಸಬಾರದೆಂದು ಅರಿಶಿನ ಕುಂಕುಮದ ತಟ್ಟೆ ತಂದರು. ಸರ್ವಮಂಗಳಮ್ಮ ದೊಡ್ಡ ಉಪಕಾರ ಮಾಡುವವರಂತೆ ಮುಖ ಚಾಚಿದರು. ಒದ್ದೆ ಅರಿಶಿನ ಸವರಿದ ಕಡೆಯೆಲ್ಲ ಪೌಡರ್ ಕಿತ್ತು ಬಂತು. ಕೆಳಗೆ ಒಂದು ಕೆನ್ನೆಯಿಂದ ಮೂಗು ದಾಟಿ ಇನ್ನೊಂದು ಕೆನ್ನೆಯವರೆಗೆ ಕೆಂಪು ಹರಡಿತ್ತು. ತಾಯಿಯ ಕೈ ಅಲ್ಲೇ ನಿಂತಿತು.

"ಏನ್ರೀ ಹಾಗೆ ನೋಡ್ತೀರಿ? ಬಿಸಿಲಿಗೆ ಬಂದಿರೋ ಬೆವರುಸಾಲೆ ಅಷ್ಟೆ. ಮೂರು ತಿಂಗಳಿಂದ ಹೋಗ್ತಾನೇ ಇಲ್ಲ."

ಹುಡುಗಿ ಒಳಗಿಂದ ತನ್ನ ಡಾಕ್ಟರ ಚೀಟಿ ತಂದು ಅವರ ಕೈಗಿಟ್ಟಳು.

"ನಂದೂ ಹೀಗೇ ಶುರುವಾಗಿದ್ದು ಆಂಟಿ. ನಿಮ್ಮ ಮೈ ನಿಮ್ಮನ್ನ ಒಪ್ಪತ್ತಾ ಅಂತ ಒಂದ್ಸಲ ರಕ್ತ ಪರೀಕ್ಷೆ ಮಾಡಿಸಿ ನೋಡಿ."