ಆರು ಚೀಲ ವಾಷರು

ತಕ್ಕಡಿಯ ಕೆಂಪು ಅಂಕಿಗಳು ಒಂಬೈನೂರ ಅರವತ್ತೆಂಟಕ್ಕೆ ಬಂದು ನಿಂತುಬಿಟ್ಟವು. ಚೀಲದಲ್ಲಿ ಸಾವಿರ ವಾಷರುಗಳಿರಬೇಕಿತ್ತು. ಸಿದ್ದಲಿಂಗಯ್ಯ ಇಳಿಸಿ ಮತ್ತೆ ಇಟ್ಟ. ಅದೇ ಅಂಕಿ. ಕಲಾವತಿ ಎಣಿಸಿ ಕಟ್ಟಿದ್ದ ಉಳಿದ ಐದು ಚೀಲಗಳನ್ನೂ ಒಂದೊಂದಾಗಿ ಏರಿಸಿದ. ಎಲ್ಲದರಲ್ಲೂ ಮೂವತ್ತರ ಆಸುಪಾಸು ಕಡಿಮೆ.

ಗಾಂಧಿಬಾಗ್ ಪೇಟೆಯ ಆ ನಟ್ಟು-ಬೋಲ್ಟಿನ ಗೋದಾಮಿಗೆ ಎಣಿಸುವ ತಕ್ಕಡಿ ಬಂದದ್ದು ಅಂದೇ ಬೆಳಿಗ್ಗೆ. ಹತ್ತು ವಾಷರು ಇಟ್ಟು, ಇವು ಹತ್ತು ಎಂದು ಗುಂಡಿ ಒತ್ತಿದರೆ ಸಾಕು. ಆಮೇಲೆ ಎಷ್ಟು ಸುರಿದರೂ ತೂಕ ನೋಡಿ ಲೆಕ್ಕ ಹೇಳುತ್ತಿತ್ತು. ಆ ಹತ್ತನ್ನು ಹಳೆಯ ಸರಕಿನ ಡಬ್ಬಿಯಿಂದ ಎತ್ತಿ ಇಟ್ಟವನು ಮೇಲ್ವಿಚಾರಕನಾದ ಸಿದ್ದಲಿಂಗಯ್ಯನೇ.

"ಕಲಾವತಿ, ಇಲ್ಲಿ ಬಾ. ಚೀಲಕ್ಕ ಮೂವತ್ತು ಕಡಿಮಿ ಅದಾವಲ್ಲ?"

"ಹೆಂಗ ಆಗತಾವ್ರಿ ಅಣ್ಣಾರ? ನಾ ಎರಡೆರಡು ಸಲ ಎಣಿಸೇನಿ."

"ಹಂಗಾರ ಮಷೀನ್ ಸುಳ್ಳ ಹೇಳತೈತೇನು?"

ಪ್ಯಾಕಿಂಗಿನವರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ತನ್ನ ಊರಿನವಳೆಂದು ಬಿಟ್ಟುಬಿಟ್ಟ ಅಂತ ನಾಳೆ ಯಾರೂ ಆಡಿಕೊಳ್ಳಬಾರದು. ಸಿದ್ದಲಿಂಗಯ್ಯ ದನಿ ಏರಿಸಿದ. "ನಿನ್ನ ಊಟದ ಬ್ಯಾಗ್ ತೋರಿಸು."

ಕಲಾವತಿ ಅವನ ಮುಖ ನೋಡಿದಳು. ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡಾಗ ಅವಳಿಗೆ ಈ ಕೆಲಸ ಕೊಡಿಸಿದವನು ಅವನು. ಹನ್ನೊಂದು ವರ್ಷದಿಂದ ನಾಗರಪಂಚಮಿಗೆ, ತವರಿಗೆಂಬಂತೆ, ಅವನ ಮನೆಗೇ ಉಂಡಿ ಕಟ್ಟಿಕೊಂಡು ಬರುತ್ತಿದ್ದಳು. ಬ್ಯಾಗನ್ನು ಮೇಜಿನ ಮೇಲೆ ಬೋರಲು ಹಾಕಿದಳು. ರೊಟ್ಟಿಯ ಡಬ್ಬಿ, ಕನ್ನಡಕ, ಬಾಚಣಿಗೆ, ಅವಳ ಮನೆಯಿದ್ದ ಕನ್ಹಾನಿನ ಬಸ್ ಟಿಕೇಟು. ಎಲ್ಲವನ್ನೂ ಒಂದೊಂದಾಗಿ ತುಂಬಿಕೊಂಡು ಮೆಟ್ಟಿಲಿಳಿದು ಹೋದಳು.

ಮರುದಿನ ಅವಳು ಬರಲಿಲ್ಲ. ಸಿದ್ದಲಿಂಗಯ್ಯನಿಗೆ ಮನಸ್ಸು ತಡೆಯಲಿಲ್ಲ. ಒಂದು ಚೀಲವನ್ನು ಹಳೆಯ ಪೇಪರಿನ ಮೇಲೆ ಸುರಿದುಕೊಂಡು, ಐವತ್ತರ ಗುಡ್ಡೆ ಮಾಡುತ್ತ ಎಣಿಸಿದ. ಸಾವಿರ. ಎರಡನೆಯದನ್ನು ಬಿಚ್ಚಿದ. ಸಾವಿರ. ಸಂಜೆಯ ಹೊತ್ತಿಗೆ ಆರೂ ಚೀಲ ಮುಗಿದಿದ್ದವು. ಆಮೇಲೆ ಡಬ್ಬಿಯ ಹಳೆಯ ಹತ್ತು, ಚೀಲದ ಹೊಸ ಹತ್ತನ್ನು ಬೇರೆ ಬೇರೆ ತೂಗಿ ನೋಡಿದ. ಹೊಸ ಸರಕು ಒಂಚೂರು ಹಗುರ, ಅಷ್ಟೇ. ಕೈ ತುಂಬ ಕಬ್ಬಿಣದ ಕಪ್ಪು ಹತ್ತಿತ್ತು.

ಭಾನುವಾರ ಕನ್ಹಾನಿನ ಬಸ್ ಹತ್ತಿದ. ಕಲಾವತಿ ಬಾಗಿಲಲ್ಲೇ ಇದ್ದಳು. ಬರ್ರಿ ಎಂದು ಕುರ್ಚಿ ಹಾಕಿದಳು, ಚಹಾ ಮಾಡಿ ಕೊಟ್ಟಳು. ಅವನು ಚಹಾದ ಕಪ್ ಹಿಡಿದುಕೊಂಡೇ ಹೇಳಿದ.

"ತಪ್ಪಾತು ತಂಗಿ. ಹಳೇ ಸ್ಯಾಂಪಲ್ ಇಟ್ಟದ್ದು ನಂದಽ ತಪ್ಪು. ನಾನಽ ಕುಂತು ಕೈಲೆ ಎಣಿಸೇನಿ. ಬರೋಬರ್ ಅದಾವ. ಎಲ್ಲಾರ ಮುಂದ ಹೇಳತೇನಿ, ನಾಳೆ ಬಾ."

"ಆರೂ ಚೀಲ ಎಣಿಸಿದ್ರಿ?"

"ಆರೂ. ಒಂದೂ ಬಿಡಲಿಲ್ಲ."

ಕಲಾವತಿ ಸಿಟ್ಟಿನ ಸುಳಿವೇ ಇಲ್ಲದ ದನಿಯಲ್ಲಿ ಕೇಳಿದಳು:

"ಒಂದು ಚೀಲ ಎಣಿಸಿದ ಮ್ಯಾಲೂ ನಂಬಿಕಿ ಬರಲಿಲ್ಲೇನ್ರಿ, ಅಣ್ಣಾರ?"