ಒಂದು ದಿನದ ಸಾಹೇಬ

ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗರನ್ನು ತಿದ್ದುವ ಬಾಲಮಂದಿರಕ್ಕೆ ನೀಲಗಂಗಾ ಹೊಸದಾಗಿ ನಿರ್ದೇಶಕಿಯಾಗಿ ಬಂದಿದ್ದರು. ಹುಡುಗರನ್ನು ನಂಬಿ, ಅಧಿಕಾರ ಹಂಚಿಕೊಳ್ಳಿ ಎಂದು ನಾಯಕತ್ವದ ತರಬೇತಿಯಲ್ಲಿ ಅವರಿಗೆ ಹೇಳಿಕೊಟ್ಟಿದ್ದರು. ಹಾಗಾಗಿ ಸದಾ ಗೋಡೆ ಹಾರಲು ಹೊಂಚು ಹಾಕುತ್ತಿದ್ದ ಮೈಲಾರಿಯನ್ನೇ ಕರೆದು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ಏನಿದ್ದರೂ ಅವನನ್ನೇ ಕೇಳಬೇಕೆಂದು ಸಿಬ್ಬಂದಿಗೂ ತಾಕೀತು ಮಾಡಿದರು.

“ಇವತ್ತ ನೀನ ಸಾಹೇಬ. ಏನ್ ಹುಕುಂ ಮಾಡ್ತಿ, ಮಾಡು.”

ಮೈಲಾರಿ ಕಾಲ ಮೇಲೆ ಕಾಲು ಹಾಕಿದ. “ಎಲ್ಲಾರಿಗೂ ಮಿರ್ಚಿ ಭಜಿ ಮಾಡ್ರಿ!”

ಅಡುಗೆಯ ನಿಂಬವ್ವ ಸೌಟು ಹಿಡಿದೇ ಒಳನುಗ್ಗಿದಳು. “ಗ್ಯಾಸ್ ತೀರೇತ್ರಿ ಸಾಹೇಬ್ರ. ನನ್ನ ತಲಿ ಮ್ಯಾಲ ಕರೀಲೇನು?”

ಅವಳ ಹಿಂದೆಯೇ ಇಬ್ಬರು ಮೇಷ್ಟ್ರು ಒಂದು ಫ್ಯಾನಿಗಾಗಿ ಜಗಳವಾಡುತ್ತ ಬಂದರು. ಕಾವಲುಗಾರ ರಜೆ ಬೇಕೆಂದು ಅಳತೊಡಗಿದ. ಬೆಂಗಳೂರಿನಿಂದ ಫೋನು ಬಂತು. ಯಾರೋ ದೊಡ್ಡವರು ಉಸಿರೂ ಬಿಡದೆ ಬೈದರು.

ಮೈಲಾರಿ ಬೆವೆತುಹೋದ. ಫೋನನ್ನು ಮೇಜಿನ ಮೇಲೆ ಎಸೆದವನೇ ಬಾಗಿಲಿಂದಾಚೆ ಓಟ ಕಿತ್ತ.

ನೀಲಗಂಗಾ ದಡಬಡಿಸಿ ಎದ್ದರು. ಹುಡುಗ ತಪ್ಪಿಸಿಕೊಂಡರೆ ತಮ್ಮ ಕೆಲಸ ಹೋದಂತೆಯೇ! “ಗೇಟ್ ಹಾಕ್ರಿ!” ಎಂದು ಕಿರುಚುತ್ತ, ಚಪ್ಪಲಿ ಕಳಚಿ ಬೆನ್ನಟ್ಟಿದರು. ಗೇಟಿನ ಬಳಿ ಅವನಿರಲಿಲ್ಲ, ಗೋಡೆಯ ಮೇಲೂ ಇರಲಿಲ್ಲ. ಕೊನೆಗೆ ಅವನ ಕೋಣೆಯ ಬಾಗಿಲು ತಳ್ಳಿದರೆ, ಮಂಚದ ಕೆಳಗಿನಿಂದ ಮುಗಿದ ಎರಡು ಕೈಗಳು ಹೊರಬಂದವು.

“ಕಾಲಿಗೆ ಬೀಳ್ತೀನ್ರಿ ಮೇಡಂ, ಹೊರಗಿಂದ ಕೀಲಿ ಹಾಕ್ರಿ, ನಿಂಬವ್ವ ಬರಾಕತ್ತಾಳ!”